ಹೇಮೆಯ ಹದಿನಾರು ಹೆಜ್ಜೆ

ಗುಂಡುಕಲ್ಲು,
ಅರವತ್ತೊಂದನೆಯ ಸುತ್ತು, ಒಂಬತ್ತು ಸಾವಿರದ ನಾನೂರ ಏಳನೆಯ ಬೆಳಗು.

ನೂರನೆಯ ಸುತ್ತಿನಲ್ಲಿ ಸುಣ್ಣದ ಪಾರುಪತ್ಯ ನೋಡಿಕೊಳ್ಳುವವರಿಗೆ ವೇದಾವತಿಯ ನಮಸ್ಕಾರಗಳು.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಭೂಮಿಯಿಂದ ಬಂದ ಮೊದಲ ತಲೆಮಾರಿನವರ ಕಾಗದಗಳನ್ನು ಓದುವಾಗ ನನಗೂ ಹಾಗೆಯೇ ಆಗುತ್ತದೆ. ‘ಮೂರು ದಿನದಿಂದ ಮಳೆ ಹಿಡಿದುಕೊಂಡಿದೆ’ ಎಂದು ಅವರಲ್ಲೊಬ್ಬರು ಬರೆದಿದ್ದಾರೆ. ಮಳೆಯನ್ನು ಯಾರು ಹಿಡಿದುಕೊಂಡರು, ಹಿಡಿದು ಎಲ್ಲಿಟ್ಟರು ಎಂದು ಚಿಕ್ಕವಳಿದ್ದಾಗ ಬಹಳ ತಲೆ ಕೆಡಿಸಿಕೊಂಡಿದ್ದೆ. ನಿಮ್ಮ ಕಾಲಕ್ಕೆ ನಮ್ಮ ಎಷ್ಟು ಮಾತು ಹೀಗೆ ತೊಡಕಾಗುತ್ತದೋ ತಿಳಿಯದು. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಹೇಳುತ್ತೇನೆ. ಮುದುಕಿಯ ಕೊರೆತ ಎಂದುಕೊಂಡು ಸಹಿಸಿಕೊಳ್ಳಿ.

ನಮ್ಮ ಊರು ಸೂರ್ಯನನ್ನು ಸುತ್ತುವ ಕಲ್ಲುಗಳ ಸಾಲಿನ ಒಳ ಅಂಚಿನಲ್ಲಿರುವ ಒಂದು ಪುಟ್ಟ ಕಲ್ಲು. ಅಡ್ಡ ಅಳೆದರೆ ಅರ್ಧ ಮೈಲಿಯೂ ಇಲ್ಲ. ಸೂರ್ಯನನ್ನು ಒಮ್ಮೆ ಬಳಸಿ ಬರಲು ಭೂಮಿಯ ಮೂರೂವರೆ ವರ್ಷ ಬೇಕು. ಅದು ನಮಗೆ ಒಂದು ಸುತ್ತು. ನನಗೀಗ ಹತ್ತೊಂಬತ್ತು ಸುತ್ತು ತುಂಬಿದೆ. ಒರಳಿನ ಗುಂಡುಕಲ್ಲಿನ ಆಕಾರ ಇದೆಯೆಂದು ಹಿರಿಯರು ಇದಕ್ಕೆ ಆ ಹೆಸರಿಟ್ಟರು. ಭೂಮಿಯಲ್ಲಿ ಆರೋಗ್ಯವಾಗಿರುವವರನ್ನು ‘ಗುಂಡುಕಲ್ಲಿನ ಹಾಗಿದ್ದಾನೆ’ ಅನ್ನುತ್ತಿದ್ದರಂತೆ. ನಮ್ಮ ಗುಂಡುಕಲ್ಲು ಮಾತ್ರ ಅಂಥ ಗಟ್ಟಿಗ ಅಲ್ಲ. ಬಂಡೆ, ಜಲ್ಲಿ, ಪುಡಿ ಒಂದಕ್ಕೊಂದು ಆತುಕೊಂಡು ಹೇಗೋ ಸಂಸಾರ ಮಾಡುತ್ತಿರುವ ಒಂದು ರಾಶಿ ಅಷ್ಟೇ.

ಇಷ್ಟು ಪುಟ್ಟ ಕಲ್ಲಿನ ಸೆಳೆತ ಬಲು ಕಮ್ಮಿ. ಇಲ್ಲಿ ಯಾವುದಕ್ಕೂ ಅವಸರವಿಲ್ಲ, ಬೆಳಗೊಂದನ್ನು ಬಿಟ್ಟು. ಕೈಜಾರಿದ ಸೌಟು ನೆಲ ಮುಟ್ಟುವಷ್ಟರಲ್ಲಿ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಅದನ್ನು ಹಿಡಿಯಬಹುದು. ಉಪ್ಪನ್ನು ಪುಡಿಯಾಗಿ ಇಡುವುದಿಲ್ಲ, ಹಿಟ್ಟಿನಂತೆ ನಾದಿ ಇಡುತ್ತೇವೆ. ಇಲ್ಲದಿದ್ದರೆ ಸಾರಿಗೆ ಹಾಕಿದ ಉಪ್ಪು ಪಕ್ಕದ ಮನೆಯವರ ಸಾರಿಗೂ ಬೀಳುತ್ತದೆ. ಸೂರ್ಯ ಮಾತ್ರ ಎರಡೂಮುಕ್ಕಾಲು ಗಂಟೆಗೊಮ್ಮೆ ಹುಟ್ಟುತ್ತಾನೆ. ಬೇಳೆ ನೆನೆಹಾಕಿ ರುಬ್ಬುವ ಹೊತ್ತಿಗೆ ಎರಡು ಬೆಳಗು ಕಳೆದಿರುತ್ತವೆ. ಹುಟ್ಟಿದ ಹೆಣ್ಣುಮಕ್ಕಳಿಗೆ ನದಿಗಳ ಹೆಸರಿಡುವುದು ನಮ್ಮ ಪದ್ಧತಿ, ಹರಿಯುವ ನೀರನ್ನು ನಮ್ಮಲ್ಲಿ ಯಾರೂ ನೋಡಿಲ್ಲದಿದ್ದರೂ. ಕೆಲವೊಮ್ಮೆ ಕಿಟಕಿಯ ಬಳಿ ಕೂತು, ಇಳಿಜಾರಿನ ಮೇಲೆ ಬಿಸಿಲು ಸರಿಯುವುದನ್ನು ನೋಡುತ್ತಾ, ನದಿ ಹರಿಯುವುದು ಹೀಗೇ ಇರಬೇಕು ಎಂದುಕೊಳ್ಳುತ್ತೇನೆ. ಆಮೇಲೆ ಕತ್ತಲಾಗುತ್ತದೆ, ಮತ್ತೆ ಬೆಳಗಾಗುತ್ತದೆ, ನಾನು ಅಲ್ಲೇ ಇರುತ್ತೇನೆ.

ಇನ್ನು ಸುಣ್ಣದ ವಿಷಯ. ಬಿಸಿಲಿಗೂ ಒಂದು ತಳ್ಳು ಇದೆ. ಭೂಮಿಯಂಥ ದೊಡ್ಡವರಿಗೆ ಅದು ತಟ್ಟುವುದಿಲ್ಲ. ನಮ್ಮಂಥ ಚಿಕ್ಕ, ಸೊಟ್ಟ ಕಲ್ಲನ್ನು ಅದು ಬುಗುರಿಯಂತೆ ಬರಬರುತ್ತಾ ಜೋರಾಗಿ ತಿರುಗಿಸುತ್ತದೆ. ತಿರುಗುವುದು ಇನ್ನೂ ಜೋರಾದರೆ ನಡುಪಟ್ಟಿಯ ಕಲ್ಲುಗಳು ಎದ್ದು ಹೋಗುತ್ತವೆ, ಅವುಗಳ ಹಿಂದೆ ಮನೆಗಳು. ನಮ್ಮ ಅಜ್ಜಿಯರ ಕಾಲದಲ್ಲಿ ನಾಲ್ಕು ಬಂಡೆಗಳು ಹಾಗೆ ಎದ್ದು ಹೋದವು. ಬೆಳಗಿಗೆ ಮುಖ ಮಾಡಿದ ಇಳಿಜಾರುಗಳನ್ನು ಬೆಳ್ಳಗೆ ಮಾಡಿದರೆ ಅಲ್ಲಿ ಬಿಸಿಲಿನ ತಳ್ಳು ಹೆಚ್ಚಿ ತಿರುಗುವುದನ್ನು ತುಸು ತಡೆಯುತ್ತದೆ. ಅದಕ್ಕೇ ಸುಣ್ಣ. ನೀರು ಕಲಸಿದ್ದಲ್ಲ, ಒಣ ಪುಡಿ. ಎರಚಿ, ಅಗಲವಾದ ಒತ್ತುಮಣೆಯಿಂದ ನೆಲಕ್ಕೆ ಒತ್ತುತ್ತೇವೆ. ಇಳಿಜಾರುಗಳದು ಒಟ್ಟು ಮೂವತ್ತೊಂಬತ್ತು ಪಾಲು, ಸುತ್ತಿಗೊಂದು. ಪ್ರತಿ ಪಾಲನ್ನೂ ಉದ್ದುದ್ದ ಪಟ್ಟಿಗಳಾಗಿ ಮಾಡಿ ಮನೆಗಳಿಗೆ ಸರದಿಯಂತೆ ಹಂಚುತ್ತೇವೆ. ನಾವು ಈಗ ಒತ್ತಿದ ಪಾಲು ಮತ್ತೆ ನಿಮ್ಮ ಸುತ್ತಿಗೇ ಬರುತ್ತದೆ. ಒಬ್ಬರ ಇಡೀ ಆಯುಷ್ಯದ ಸುಣ್ಣಕ್ಕೆ ನಮ್ಮ ಹಗಲಿರುಳಿನಲ್ಲಿ ಕರಗದೆ ಉಳಿಯುವುದು ಒಂದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹನಿ ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದರು.

ಕಷ್ಟ ಎಲ್ಲಿ ಎಂದರೆ, ಮನೆಗಳಿಂದ ಹೊರಗೆ ಗಾಳಿಯಿಲ್ಲ, ಮೂಡಿದ ಹೆಜ್ಜೆ ಅಳಿಯುವುದಿಲ್ಲ. ಸತ್ತವರ ಹೆಜ್ಜೆಗಳು ಅವರು ಈಗಷ್ಟೇ ಅತ್ತ ಹೋದಂತೆ ಉಳಿದಿರುತ್ತವೆ. ಜನ ಅಲ್ಲಿಗೆ ಹೋಗಿ ಪಕ್ಕದಲ್ಲಿ ಕೂತು ಬರುತ್ತಾರೆ. ಒತ್ತುಮಣೆ ಬಿದ್ದರೆ ಅವೂ ಹೋದವು. ಹಿಂದೊಬ್ಬ ಪಾರುಪತ್ಯಗಾರರು ಮರುಗಿ, ನಿಮ್ಮ ನಿಮ್ಮವರ ಹೆಜ್ಜೆ ಇದ್ದಲ್ಲಿ ಒತ್ತದೆ ಬಿಡಿ ಎಂದರಂತೆ. ಆ ಸುತ್ತಿನಲ್ಲಿ ಅರ್ಧ ಇಳಿಜಾರು ಕಪ್ಪಾಗಿಯೇ ಉಳಿಯಿತು. ಬಂಡೆಗಳು ಎದ್ದದ್ದು ಅದಾದ ಮೇಲೆ. ಅಂದಿನಿಂದ ಯಾರಿಗೂ ವಿನಾಯಿತಿಯಿಲ್ಲ. ಹತ್ತು ಸುತ್ತು ನಾನು ಈ ಪಾರುಪತ್ಯ ಮಾಡಿದ್ದೇನೆ, ಬಂದು ಕೇಳಿದ ಎಲ್ಲರಿಗೂ ಇಲ್ಲವೆಂದಿದ್ದೇನೆ. ಕಲ್ಲೆದೆಯವಳು ಎಂದು ಬೆನ್ನ ಹಿಂದೆ ಆಡಿಕೊಂಡರು. ಆಡಿಕೊಳ್ಳಲಿ, ಕಲ್ಲು ಉಳಿದರೆ ಸಾಕು ಎಂದುಕೊಂಡೆ.

ಹಾಗೆ ಕೇಳಿದವರಲ್ಲಿ ಶಾಲ್ಮಲಕ್ಕ ಒಬ್ಬಳು. ನಮ್ಮ ಓಣಿಯ ಕೊನೆಯ ಮನೆ, ನನಗಿಂತ ಎರಡು ಸುತ್ತು ದೊಡ್ಡವಳು. ಅವಳ ಗಂಡ ಬೋರಣ್ಣ ಎದೆ ಕಟ್ಟಿ ತೀರಿಕೊಂಡಿದ್ದ. ಅವನ ಹೆಜ್ಜೆಗಳಿದ್ದ ಪಾಲಿನ ಸರದಿ ಏಳು ಸುತ್ತಿನ ಹಿಂದೆ ಬಂತು. ಅವಳು ಬೇಡಿಕೊಳ್ಳಲಿಲ್ಲ, ಒಮ್ಮೆ ಕೇಳಿದಳು. ನಾನು ನಿಯಮ ಹೇಳಿದೆ. ಆ ಪಟ್ಟಿ ಅವಳ ಮನೆಗೇ ಬಿದ್ದದ್ದರಿಂದ ಅವಳ ಕೈಗೇ ಮಣೆ ಕೊಟ್ಟು ಬೇರೆ ಕಡೆ ಹೋದೆ. ತಿರುಗಿ ಬಂದಾಗ ಎಲ್ಲ ಬೆಳ್ಳಗಾಗಿತ್ತು. ಕೆಲಸ ಅಚ್ಚುಕಟ್ಟಾಗಿದೆ ಎಂದು ಹೊಗಳಿದೆ. ಆ ಹೊಗಳಿಕೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನನ್ನ ಮಗಳು ಹೇಮಾವತಿ ಹೋದದ್ದು ನಾಲ್ಕು ಸುತ್ತಿನ ಹಿಂದೆ. ಹೊರಗೆ ಓಡಾಡುವವರು ಗಾಳಿ ತುಂಬಿದ ಉಡುಪು ತೊಟ್ಟು, ನೆಲಕ್ಕೆ ಬಿಗಿದ ಹಗ್ಗಗಳಿಗೆ ಸಿಕ್ಕಿಸಲು ಸೊಂಟಕ್ಕೆ ಎರಡು ಕೊಂಡಿ ಕಟ್ಟಿಕೊಂಡಿರುತ್ತಾರೆ. ಒಂದನ್ನು ಮುಂದಿನ ಹಗ್ಗಕ್ಕೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ನಿಧಾನವಾಗಿ ಹೋಗುವುದೆಂದರೆ ಹರೆಯದವರಿಗೆ ಅವಮಾನ. ಹೇಮೆ ಎರಡನ್ನೂ ಬಿಚ್ಚಿ, ಒಂದು ಹಗ್ಗದಿಂದ ದೂರದ ಇನ್ನೊಂದಕ್ಕೆ ನೇರ ಹಾಯಲೆಂದು ಹದಿನಾರು ಹೆಜ್ಜೆ ಇಟ್ಟಳು. ಹದಿನಾರನೆಯದರಲ್ಲಿ ಬೆರಳುಗಳ ಗುರುತು ಮಾತ್ರ ಇದೆ. ಅಲ್ಲಿಂದ ಅವಳು ನೆಲ ಬಿಟ್ಟು ಬಾನಿಗೆ ತೇಲಿಹೋದಳು. ಅವಳನ್ನು ಹಿಡಿದು ತರಬಲ್ಲ ನಮ್ಮ ಒಂದೇ ಬಾನದೋಣಿ ಹಿಮಗಡ್ಡೆ ತರಲು ದೂರ ಹೋಗಿತ್ತು. ಉಡುಪಿನ ಗಾಳಿ ಮುಗಿಯುವವರೆಗೆ, ಎರಡು ಬೆಳಗು, ಅವಳ ದನಿ ರೇಡಿಯೋದಲ್ಲಿ ನಮ್ಮ ಕಿವಿಗೆ ಬರುತ್ತಿತ್ತು. ಊರು ಇಲ್ಲಿಂದ ಎಷ್ಟು ಮುದ್ದಾಗಿ ಕಾಣುತ್ತದೆ, ನಮ್ಮ ಮನೆಯ ದೀಪವೂ ಕಾಣುತ್ತಿದೆ ಎಂದಳು. ನನ್ನನ್ನು ಸಮಾಧಾನ ಮಾಡಲು ಹಾಗೆಂದಳು ಎಂದು ನನಗೆ ಗೊತ್ತು.

ಆ ಹದಿನಾರು ಹೆಜ್ಜೆ ಇದ್ದ ಪಾಲಿನ ಸರದಿ ಈ ಸುತ್ತಿಗೆ ಬಂತು. ಕಾಯಿದೆ ಕಲಿಸಿದ ಬಾಯಿ ಕಾಯಿದೆ ಮುರಿಯುವುದು ಎಷ್ಟು ಸುಲಭ ನೋಡಿ. ಹದಿನಾರು ಹೆಜ್ಜೆಯಷ್ಟು ಜಾಗದಿಂದ ಆಗುವ ನಷ್ಟವೆಷ್ಟೆಂದು ಗುಣಿಸಿದೆ. ಒಂದು ರೆಪ್ಪೆಗೂದಲಿನಷ್ಟೂ ಇಲ್ಲ. ನನ್ನ ಬಳಿ ಬಂದು ಕೇಳಿದ್ದ ಒಬ್ಬರಿಗೂ ನಾನು ಹೀಗೆ ಗುಣಿಸಿ ನೋಡಿರಲಿಲ್ಲ. ಆಮೇಲೆ ನಕ್ಷೆಯಲ್ಲಿ ಆ ಜಾಗಕ್ಕೆ ಗೆರೆ ಹಾಕಿ, ‘ಬರಿ ಬಂಡೆ, ಪುಡಿ ಹಿಡಿಯದು’ ಎಂದು ನನ್ನ ಕೈಯಾರೆ ಬರೆದೆ.

ಸರದಿಯ ಪ್ರಕಾರ ಆ ಪಟ್ಟಿ ಶಾಲ್ಮಲಕ್ಕನಿಗೆ ಬಿತ್ತು. ಬಂಡೆ ಇರಬೇಕಾದಲ್ಲಿ ಅವಳಿಗೆ ಮೆತ್ತಗಿನ ಪುಡಿ ಕಂಡಿತು, ಅದರ ಮೇಲೆ ಹೆಜ್ಜೆ ಕಂಡವು. ಸಾಲಿನಲ್ಲಿ ಇಪ್ಪತ್ತು ಜನರಿದ್ದರು. ಅವಳು ಒಂದು ಮಾತು ಎತ್ತಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಅವಳು ಎಲ್ಲರನ್ನೂ ಊಟಕ್ಕೆ ಕಳಿಸಿ, ನನ್ನೊಬ್ಬಳನ್ನೇ ಬರಹೇಳಿದಳು. ನಾನು ಹೋದೆ. ಹೆಜ್ಜೆಗಳ ಎದುರು ನಿಂತು, ತಪ್ಪಾಯಿತಕ್ಕ, ಈಗಲೇ ಒತ್ತಿಬಿಡುತ್ತೇನೆ ಎಂದು ಮಣೆ ತೆಗೆದುಕೊಂಡೆ. ಕೈ ಏಳಲಿಲ್ಲ. ಹಗುರವಾದ ಈ ಊರಿನಲ್ಲಿ ಅಷ್ಟು ಭಾರವಾದ ವಸ್ತುವನ್ನು ನಾನು ಹಿಡಿದೇ ಇರಲಿಲ್ಲ.

“ಕೊಡು ಇಲ್ಲಿ, ನೀನು ಒತ್ತಬೇಡ” ಎಂದಳು ಶಾಲ್ಮಲಕ್ಕ. “ನನ್ನೋರದನ್ನ ನಾನೇ ಒತ್ತಿದೀನಿ. ಅದು ಹೇಗಿರುತ್ತೆ ಅಂತ ನಂಗೊತ್ತು.”

ಅವಳು ಮಂಡಿಯೂರಿ ಒಂದೊಂದಾಗಿ ಒತ್ತಿದಳು. ಪ್ರತಿ ಹೆಜ್ಜೆಗೂ ಮುನ್ನ ನಿಂತು ನನ್ನ ಮುಖ ನೋಡಿದಳು, ನಾನು ತಲೆಯಾಡಿಸುವವರೆಗೂ ಕಾದಳು. ಬೆರಳಿನ ಗುರುತು ಬಂದಾಗ ನಾನು ಬಹಳ ಹೊತ್ತು ತಲೆಯಾಡಿಸಲಿಲ್ಲ. ಸೂರ್ಯ ಮುಳುಗಿದ, ಮತ್ತೆ ಹುಟ್ಟಿದ. ಅವಳು ಅವಸರ ಮಾಡಲಿಲ್ಲ. ಕೊನೆಗೆ ಅದೂ ಬೆಳ್ಳಗಾಯಿತು. ನಾನು ಅತ್ತೆ, ಆದರೆ ನಾನು ಹೆದರಿದ್ದಂತೆ ಸತ್ತುಹೋಗಲಿಲ್ಲ, ಏಕೆಂದರೆ ಪಕ್ಕದಲ್ಲಿ ಒಬ್ಬರಿದ್ದರು. ಮರುಬೆಳಗೇ ನಕ್ಷೆ ತಿದ್ದಿ, ಊರವರೆದುರು ತಪ್ಪೊಪ್ಪಿಕೊಂಡು, ಪಾರುಪತ್ಯ ಬಿಟ್ಟುಕೊಟ್ಟೆ.

ನೀವು ಈ ಪಾಲಿಗೆ ಬಂದಾಗ ಅಲ್ಲಿ ಹೇಮೆಯ ಗುರುತು ಏನೂ ಸಿಗುವುದಿಲ್ಲ. ಬೇರೆ ಯಾರದೋ ಹೆಜ್ಜೆಗಳಿರುತ್ತವೆ, ಬೇರೆ ಯಾರೋ ಅವುಗಳ ಎದುರು ನಿಂತಿರುತ್ತಾರೆ. ಸುಣ್ಣ ನಿಲ್ಲಿಸಬೇಡಿ, ಯಾರಿಗೂ ವಿನಾಯಿತಿ ಕೊಡಬೇಡಿ. ಆದರೆ ತಮ್ಮವರ ಹೆಜ್ಜೆಯನ್ನು ತಾವೇ ಒತ್ತುವ ಗತಿ ಯಾರಿಗೂ ಬಾರದಿರಲಿ. ಹೋಗಿ ಅವರ ಕೈಯಿಂದ ಮಣೆ ತೆಗೆದುಕೊಳ್ಳಿ, ಅವರು ತಲೆಯಾಡಿಸುವವರೆಗೂ ಕಾಯಿರಿ. ಏಳು ಸುತ್ತಿನ ಹಿಂದೆ ನಾನು ಶಾಲ್ಮಲಕ್ಕನ ಕೈಯಿಂದ ಅದನ್ನು ತೆಗೆದುಕೊಳ್ಳಲಿಲ್ಲ.