ಅವ್ವನ ಹಲಗೆ

ಮಾಣಿಕೊಡಿ ತೇಲುಕೇರಿ
ಕಡಲೇರಿಕೆಯ ನೂರ ಎಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳ ಹುಣ್ಣಿಮೆ

ಹಿರಿಯರೇ,

ನನ್ನ ಮಾತು ನಿಮಗೆ ವಿಚಿತ್ರ ಕಂಡೀತು, ಸೈರಿಸಿಕೊಳ್ಳಿ. ಕಡಲು ಏರುವ ಮೊದಲಿನ ನಿಮ್ಮ ಕಾಲದ ಕನ್ನಡ ನನಗೆ ಅಜ್ಜಿಯ ಸೀರೆಯಂತೆ, ಉಟ್ಟರೆ ಎಡವುತ್ತೇನೆ. ಸಿಟ್ಟು ಮಾತ್ರ ನನ್ನದೇ.

ತೇಲುಕೇರಿ ಎಂದರೆ ಪೀಪಾಯಿಗಳ ಮೇಲೆ ಕಟ್ಟಿದ ನಮ್ಮ ಓಣಿ. ಉಬ್ಬರ ಬಂದರೆ ಮನೆಗಳೆಲ್ಲ ಮೇಲೇರುತ್ತವೆ, ಒಲೆಯ ಮೇಲಿನ ಗಂಜಿ ತುಳುಕುತ್ತದೆ, ಪಕ್ಕದ ಮನೆಯವಳು ಕಿಟಕಿಯಿಂದಲೇ ಉಪ್ಪು ಕೇಳುತ್ತಾಳೆ. ಸುತ್ತ ಕಡಲಿದ್ದರೂ ಉಪ್ಪು ಕೇಳುವ ಚಾಳಿ ಬಿಟ್ಟಿಲ್ಲ ನೋಡಿ! ನಮ್ಮ ಕೆಳಗೆ, ನೀರಿನಡಿಯಲ್ಲಿ, ನಿಮ್ಮ ಇಳಿತದ ಗಿರಣಿಯ ಕಲ್ಲುಗೋಡೆಗಳಿವೆ. ಉಬ್ಬರದ ನೀರನ್ನು ಕಟ್ಟೆಯೊಳಗೆ ಹಿಡಿದು, ಇಳಿತದಲ್ಲಿ ಬಿಟ್ಟು, ಮರದ ಚಕ್ರ ತಿರುಗಿಸಿ ನೀವು ಅಕ್ಕಿ ಬೀಸುತ್ತಿದ್ದಿರಿ. ಊರಲ್ಲಿ ಯಾರೇ ಸತ್ತರೂ ಚಕ್ರದ ಒಂದು ಸವೆದ ಹಲಗೆ ತೆಗೆದು, ಸತ್ತವರ ಹೆಸರು ಕೊರೆದ ಹೊಸ ಹಲಗೆ ಕೂರಿಸುತ್ತಿದ್ದಿರಿ. ಅದು ತಿರುಗಿ ನೀರು ಮುಟ್ಟಿದ ಮೇಲೆಯೇ ಮನೆಯವರು ಅತ್ತು ಮುಗಿಸುತ್ತಿದ್ದರು.

ಆಮೇಲೆ ನಿಮಗೆ ಗಿರಣಿಯ ಮೇಲೆ ಪ್ರೀತಿ ಉಕ್ಕಿತು. ಪರಂಪರೆ ಅಂದಿರಿ. ಚಕ್ರವನ್ನು ನೀರಿನಿಂದ ಎತ್ತಿ, ಒರೆಸಿ, ಬಣ್ಣ ಬಳಿದು, ಗುಡ್ಡದ ಮೇಲೆ ಗಾಜಿನ ಮನೆಯಲ್ಲಿ ಕೂರಿಸಿದಿರಿ. ಇನ್ನು ಒಂದು ಹಲಗೆಯನ್ನೂ ಬದಲಿಸಕೂಡದು ಎಂದು ಫಲಕ ಹಾಕಿದಿರಿ. ಅಂಥ ಪ್ರೀತಿಗಿಷ್ಟು ಬೆಂಕಿ ಹಾಕ! ಅಂದಿನಿಂದ ನಮ್ಮ ಸತ್ತವರ ಹಲಗೆಗಳು ಬಾಗಿಲ ಹಿಂದೆಯೇ ನಿಂತಿವೆ.

ನನ್ನ ಅವ್ವ ಬೀರಮ್ಮ ತನ್ನ ಹಲಗೆಯನ್ನು ತಾನೇ ಕೊರೆದಿಟ್ಟುಕೊಂಡಿದ್ದಳು. "ಒಂದ್ ಸುತ್ತು ಸಾಕು ಮಗಾ. ನೀರು ಮುಟ್ಟೂಕೆ ಬೇಕು, ಅಷ್ಟೇಯ" ಎಂದು ಕೊನೆಯ ದಿನವೂ ಹೇಳಿದಳು. ಅವಳು ಹೋದ ಮೇಲೆ ಕೇರಿಯವರೆಲ್ಲ ಗಾಜಿನ ಮನೆ ಕಾಯುವವರ ಜೊತೆ ಜಗಳವಾಡಿ ಅಪ್ಪಣೆ ಪಡೆದೆವು, ಚಕ್ರವನ್ನು ದಡಕ್ಕೆ ಹೊತ್ತು ತಂದೆವು. ಅವ್ವನ ಹಲಗೆ ಕೂರಿಸಲು ಮೊದಲ ಗೂಟ ಹೊಡೆದದ್ದೇ ತಡ, ಅಯ್ಯೋ, ಚಕ್ರ ಹಪ್ಪಳದಂತೆ ಪುಡಿಯಾಯಿತು. ನೀರಲ್ಲಿ ಗಟ್ಟಿಯಾಗಿದ್ದ ಮರ ನಿಮ್ಮ ಗಾಜಿನೊಳಗೆ ಒಣಗಿಹೋಗಿತ್ತು. ಹೊಸ ಚಕ್ರ ಕಟ್ಟಬಲ್ಲವರು ಯಾರೂ ಇಲ್ಲ. ಹಲಗೆ ಬದಲಿಸುವುದು ನಿಂತಾಗಲೇ ಆ ವಿದ್ಯೆಯೂ ಹೋಯಿತು. ಹಲಗೆಯನ್ನು ಹಾಗೇ ನೀರಿಗೆ ಎಸೆ ಎಂದರು ಕೆಲವರು. ಎಸೆಯುವುದು ಕಸವನ್ನು, ಅವ್ವನನ್ನಲ್ಲ.

ಈ ಕಾಗದ ತಲುಪುವಾಗ ಚಕ್ರ ಇನ್ನೂ ನೀರಲ್ಲೇ ಇದ್ದರೆ, ದಮ್ಮಯ್ಯ, ಎತ್ತಬೇಡಿ. ಸವೆಯಲಿ, ಮುರಿಯಲಿ, ಬದಲಿಸಿ. ಮುಂದಿನ ಹಲಗೆಯಲ್ಲಿ ನಿಮ್ಮವರ ಹೆಸರಿನ ಕೆಳಗೆ ಬೀರಮ್ಮ ಎಂದೂ ಕೊರೆಯಿರಿ. ಅವಳಿನ್ನೂ ಹುಟ್ಟಿಲ್ಲ, ಗೊತ್ತು. ಆದರೂ ಒಂದು ಸುತ್ತು ತಿರುಗಿಸಿ.

ನಾನಿನ್ನೂ ಅತ್ತು ಮುಗಿಸಿಲ್ಲ.

ಬೀರಮ್ಮನ ಮಗಳು,
ಗಣಪಿ