ಅಪ್ಪನಿಗೊಂದು ಲಿಂಗ

ಮದಲೂರು, ಗುರುವಾರ

ಮಠದ ಅಯ್ಯನವರಿಗೆ ಲೋಹಿತಾಳ ಶರಣು.

ಅಪ್ಪನಿಗೆ ಹೊಸ ಇಷ್ಟಲಿಂಗ ಬೇಕು.

ಸೋಮವಾರ ನೀವು ಅಮ್ಮನಿಗೆ ತೋಡಿದ ಕುಣಿಯ ಹತ್ತಿರ ಇದ್ದಾಗ, ಮನೆಯೊಳಗೆ ಅವಳ ಮೈ ತೊಳೆಯುತ್ತಾ ಕೊರಳಿನ ಬೆಳ್ಳಿ ಕರಡಿಗೆ ತೆರೆದೆ. ಲಿಂಗ ಇರಲಿಲ್ಲ. ಅಮ್ಮನದೇ ಅಕ್ಷರದಲ್ಲಿ ಯೇಸುವಿನ ಪ್ರಾರ್ಥನೆ ಬರೆದ ಚೀಟಿ ಇತ್ತು. ಅದನ್ನು ಅಪ್ಪನಿಗೆ ತೋರಿಸಿದೆ.

ಅಪ್ಪ ಬೆಚ್ಚಲಿಲ್ಲ. "ಒಂಬತ್ತು ವರ್ಷ ಆಯ್ತು ಕಣಮ್ಮ. ಭಾನುವಾರ ನಾನೇ ಶಿರಾದ ಚರ್ಚಿಗೆ ಬುಟ್ಟು ಬತ್ತಿದ್ದೆ. ಲಿಂಗ ಇಲ್ದಿದ್ರೆ ಇವಳನ್ನ ನಮ್ಮೋರ ಜೊತೆ ಮಣ್ಣು ಮಾಡಾಕೆ ಬುಡಲ್ಲ" ಅಂದರು. ತಮ್ಮ ಕೊರಳಿನ ಲಿಂಗ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, ಚೀಟಿಯನ್ನೂ ಅದರಡಿ ಮಡಿಚಿಟ್ಟರು. ನೀವು ಮಂತ್ರ ಹೇಳಿದ್ದು ಅಪ್ಪನ ಆ ಲಿಂಗಕ್ಕೇ.

ಬೈಯೋದಾದರೆ ನನ್ನನ್ನು ಬೈಯಿರಿ. ಲಿಂಗ ಮಾತ್ರ ಇವತ್ತೇ ಕಳಿಸಿ. ಪೂಜೆ ಮಾಡದೆ ಅಪ್ಪ ಅನ್ನ ಮುಟ್ಟುವವರಲ್ಲ. ಸೋಮವಾರದಿಂದ ಬರೀ ನೀರಿನಲ್ಲಿದ್ದಾರೆ.

ನಿಮ್ಮ
ಲೋಹಿತಾ