ಎರಡರಿಂದ ಗುಣಿಸಿದ ತಪ್ಪಿಗೆ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ಸರಿಯಾದ ಉತ್ತರ ಬರೆದದ್ದಕ್ಕಾಗಿ ನೀವು ನನ್ನನ್ನು ಎರಡು ಅಂಕಗಳಿಂದ ನಪಾಸು ಮಾಡಿದ್ದೀರಿ. ಮೂರು ಅರ್ಜಿ ಹಾಕಿದೆ. ಮೂರಕ್ಕೂ ನಿಮ್ಮ ಕಚೇರಿಯಿಂದ ಬಂದದ್ದು ಒಂದೇ ಸಾಲು: 'ಮಾದರಿ ಉತ್ತರದೊಂದಿಗೆ ತಾಳೆಯಾಗುವುದಿಲ್ಲ.' ಇನ್ನು ಊರೆಲ್ಲ ಓದಲಿ ಎಂದು ಈ ದಿನಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷಗಳಿಂದ ಗಾಜಿನ ಸಾಮಾನು ತೊಳೆಯುವವಳು. ತಂತ್ರಜ್ಞರ ಹುದ್ದೆಯ ಬಡ್ತಿಗೆಂದು ಇಲಾಖಾ ಪರೀಕ್ಷೆ ಬರೆದೆ. ಏಳನೇ ಪ್ರಶ್ನೆಯಲ್ಲಿ ನೀವು ಕೇಳಿದ್ದಿಷ್ಟು: ಒಂದು ಸಂಯುಕ್ತದಲ್ಲಿ ಇಂಗಾಲ ಶೇಕಡಾ 40, ಜಲಜನಕ 6.7, ಆಮ್ಲಜನಕ 53.3, ಅಣುತೂಕ 60, ಅಣುಸೂತ್ರ ಬರೆಯಿರಿ. ಒಂದೊಂದನ್ನೂ ಅದರದರ ಪರಮಾಣು ತೂಕದಿಂದ ಭಾಗಿಸಿದರೆ ಸಿಗುವ ಅನುಪಾತ CH₂O. ಅದು ಬರೀ ಅನುಪಾತ ಹೇಳುವ ಎಂಪಿರಿಕಲ್ ಸೂತ್ರ, ಅದರ ತೂಕ ಮೂವತ್ತು. ಅರವತ್ತರಲ್ಲಿ ಮೂವತ್ತು ಎರಡು ಸಲ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಎರಡರಿಂದ ಗುಣಿಸಿ C₂H₄O₂ ಎಂದು ಬರೆದೆ. ನಿಮ್ಮ ಮಾದರಿ ಉತ್ತರವೋ CH₂O ದಲ್ಲೇ ನಿಂತುಬಿಟ್ಟಿದೆ. ಹಾಗಾದರೆ ಅಣುತೂಕ ಅರವತ್ತು ಎಂದು ಕೊಟ್ಟದ್ದು ಯಾತಕ್ಕೆ ಸ್ವಾಮೀ, ಕಾಗದದಲ್ಲಿ ಜಾಗ ಉಳಿದಿತ್ತೆಂದೇ?

ಒಮ್ಮೆ ನಮ್ಮ ಕಪಾಟಿನ ಮುಂದೆ ಬಂದು ನಿಲ್ಲಿ. ಗ್ಲೂಕೋಸ್ ಇದೆ, ಅಸಿಟಿಕ್ ಆಮ್ಲ ಇದೆ, ಸತ್ತ ಕಪ್ಪೆ ಕೊಳೆಯದಂತೆ ಇಡುವ ಫಾರ್ಮಾಲ್ಡಿಹೈಡ್ ಇದೆ. ಮೂರರ ಅನುಪಾತವೂ CH₂O. ನಿಮ್ಮ ಕೃಪೆಯಿಂದ ಮೂರಕ್ಕೂ ಒಂದೇ ಚೀಟಿ ಅಂಟಿಸಿಬಿಡಬಹುದು! ಆಮೇಲೆ ತಲೆಸುತ್ತಿ ಬಿದ್ದವರಿಗೆ ಗ್ಲೂಕೋಸ್ ಕಲಸಿಕೊಡಲು ನಿಮ್ಮನ್ನೇ ಕರೆಯುತ್ತೇನೆ.

ನನ್ನ ಜೊತೆ ಪರೀಕ್ಷೆ ಬರೆದ ನಮ್ಮ ಸ್ಟೋರಿನವನು ಪಾಸಾಗಿ ಈಗ ನನಗೆ ಮೇಲಿನವನು. ಮೊನ್ನೆ ಸಿಂಕಿನ ಪಕ್ಕ ಬಂದು ನಿಂತ. ಮುಖ ಸಪ್ಪಗಿತ್ತು.

"ಅಕ್ಕಾ, ನಂಗೆ ಟೈಮ್ ಸಾಲ್ಲಿಲ್ಲ. ಕೊನೇಲಿ ಗುಣಿಸೋದನ್ನೇ ಬಿಟ್ಟೆ."

"ಅಂದ್ರೆ?"

"ಲೆಕ್ಕ ಅರ್ಧಕ್ಕೇ ಬಿಟ್ಟಿದ್ದಕ್ಕೆ ಪಾಸಾದೆ ಕಣಕ್ಕಾ. ನೀವು ಪೂರ್ತಿ ಮಾಡಿ ಕೆಟ್ರಿ."

ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ, ನಿಮ್ಮ ಮೇಲೆ. ಹುದ್ದೆ ಹೋದರೆ ಹೋಗಲಿ ಎಂದು ಅವನು ತನ್ನ ಉತ್ತರ ಪತ್ರಿಕೆಯ ಪ್ರತಿಯನ್ನು ನನ್ನ ಕೈಗಿಟ್ಟಿದ್ದಾನೆ, ಲಗತ್ತಿಸಿದ್ದೇನೆ. ಅವನಿಗಿರುವ ನಾಚಿಕೆಯಲ್ಲಿ ಕಾಲುಭಾಗವಾದರೂ ನಿಮ್ಮ ಕಚೇರಿಗೆ ಬೇಡವೇ?

ಬರುವ ತಿಂಗಳ ಹನ್ನೆರಡಕ್ಕೆ ನನಗೆ ನಲವತ್ತೈದು ತುಂಬುತ್ತದೆ. ಆಮೇಲೆ ನಿಮ್ಮ ನಿಯಮದಂತೆ ಬಡ್ತಿಯ ಮಾತೇ ಇಲ್ಲ, ನಿವೃತ್ತಿಯವರೆಗೆ ಇದೇ ಸಿಂಕು. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ದಿನಕ್ಕೆ ನಾಲ್ಕು ಸಲ ಆಫೀಸಿಗೆ ಹೋಗಿ ಟಪಾಲು ಬಂತೇ ಎಂದು ಕೇಳುತ್ತೇನೆ. ಈ ವಾರ ಎರಡು ಬ್ಯುರೆಟ್ ಕೈಜಾರಿ ಒಡೆದವು. ನನ್ನ ಕೈಯಲ್ಲಿ ಹಾಗೆ ಹಿಂದೆಂದೂ ಆಗಿರಲಿಲ್ಲ.

ನನಗೆ ಕೃಪಾಂಕ ಬೇಡ. ಅವನಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಬೇಡಿ. ನನ್ನ ಏಳನೇ ಉತ್ತರವನ್ನು ಲೆಕ್ಕ ಬಲ್ಲ ಒಬ್ಬರಿಂದ ಓದಿಸಿ, ಆ ಎರಡು ಅಂಕಗಳನ್ನು ಹನ್ನೆರಡನೇ ತಾರೀಖಿನ ಒಳಗೆ ಕೊಡಿ. ಅಂಥವರು ನಿಮ್ಮಲ್ಲಿ ಯಾರೂ ಇಲ್ಲವಾದರೆ ಹೇಳಿ ಕಳಿಸಿ. ಕೈ ಒರೆಸಿಕೊಂಡು ನಾನೇ ಬರುತ್ತೇನೆ.

ಇಂತಿ,
ಇನ್ನು ಹತ್ತೊಂಬತ್ತು ದಿನ ಮಾತ್ರ ಅರ್ಹಳಾಗಿರುವ
ಒಬ್ಬ ಲ್ಯಾಬ್ ಅಟೆಂಡರ್